ಉಪವಾಸದ ಉಳಿತಾಯ ಯಾರ ಮನೆಗೆ?

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬಂತೆಂದರೆ ಶ್ರೀರಂಗಪಟ್ಟಣದ ಗಂಜಾಂ, ಪಾಲಹಳ್ಳಿ ಕಡೆಯ ಕ್ರೈಸ್ತ ಮನೆಗಳಲ್ಲಿ ಎರಡು ಸಂಗತಿ ಯಾರೂ ನೆನಪಿಸದೆ ನಡೆಯುತ್ತವೆ. ಶುಕ್ರವಾರ ಬಾಡು ಮುಟ್ಟುವುದಿಲ್ಲ, ಸಂಜೆ ಶಿಲುಬೆಹಾದಿ ತಪ್ಪಿಸುವುದಿಲ್ಲ. ತಡವರಿಕೆ ಇರುವುದು ಮೂರನೆಯದರಲ್ಲಿ. ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಳ್ಳುವಾಗ ಓದುವ ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯದಲ್ಲಿ ಪ್ರಾರ್ಥನೆ, ಉಪವಾಸಗಳ ಜೊತೆ ದಾನವೂ ಇದೆ. ಅದೂ ಮೊದಲಿಗೇ ಇದೆ. ಆದರೆ ನಮ್ಮಲ್ಲಿ ದಾನವೆಂದರೆ ಮನೆಗೊಂದು ಡಬ್ಬಿ, ಅದಕ್ಕೆ ಬಿದ್ದ ಚಿಲ್ಲರೆ, ಹಬ್ಬದ ಹಿಂದಿನ ವಾರ ಒಂದಷ್ಟು ಅಕ್ಕಿ ಚೀಲ ಹಂಚಿ ಫೋಟೋ ತೆಗೆಸುವುದು. ಹಬ್ಬ ಮುಗಿದ ಮರುದಿನ ಅದೂ ಮುಗಿಯುತ್ತದೆ.

ಈ ಲೇಖನ ಆ ಮೂರನೆಯದನ್ನು ಕುರಿತದ್ದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಂಥ ಕಡೆ ಕ್ರೈಸ್ತರ ಮನೆಗಳು ಕಡಿಮೆ. ಹೆಚ್ಚಿನ ಊರುಗಳಲ್ಲಿ ನೂರಾರು ಮನೆಗಳ ನಡುವೆ ಬೆರಳೆಣಿಕೆಯಷ್ಟು. ಅಂಥ ಚಿಕ್ಕ ಧರ್ಮಕೇಂದ್ರವೋ ಸಿಎಸ್‌ಐ ಸಭೆಯೋ ನಲವತ್ತು ದಿನ ಕೂಡಿಸಿದ್ದನ್ನು ಊರಿಗೆ ಉಪಯೋಗವಾಗುವ ಹಾಗೆ ಆರು ತಿಂಗಳು ಹೇಗೆ ಕೊಡಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಅದು ಆಗುವ ಕೆಲಸ ಎಂದು ನನಗೆ ಪೂರ್ತಿ ನಂಬಿಕೆಯಿದೆ.

ದೊಡ್ಡ ಸ್ವಾಮಿಯವರ ಮಾದರಿ

ಶ್ರೀರಂಗಪಟ್ಟಣಕ್ಕೆ ಕ್ರೈಸ್ತ ಗುರುಗಳು ಬಂದದ್ದು ಇಂದು ನಿನ್ನೆಯ ಮಾತಲ್ಲ. ಇಟಲಿಯ ಜೆಸ್ವಿತ್ ಗುರು ಲಿಯೊನಾರ್ಡೊ ಚಿನ್ನಾಮಿ 1640ರ ದಶಕದ ಕೊನೆಯಲ್ಲೇ ಇಲ್ಲಿಗೆ ಬಂದಿದ್ದರು. ಆದರೆ ಈ ನೆಲದ ಜನ ಹೆಚ್ಚು ನೆನೆಯುವುದು ಫ್ರಾನ್ಸಿನ ಅಬ್ಬೆ ದುಬ್ವಾ ಅವರನ್ನು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದೇ ಕರೆಯುತ್ತಿದ್ದರು. 1792ರಲ್ಲಿ ಭಾರತಕ್ಕೆ ಬಂದ ಅವರು 1799ರಲ್ಲಿ ಟಿಪ್ಪು ಮಡಿದು ಪಟ್ಟಣ ಬಿದ್ದ ಮೇಲೆ ಇಲ್ಲಿಗೆ ಬಂದು ಚೆದುರಿಹೋಗಿದ್ದ ಕುಟುಂಬಗಳನ್ನು ಒಂದುಗೂಡಿಸಿದರು. ಗಂಜಾಂನ ದೇವಾಲಯ ಅವರ ಹೆಸರಿನಲ್ಲೇ ಇವತ್ತಿಗೂ ಗುರುತಾಗುತ್ತದೆ. ಇಲ್ಲಿಯವರ ಹಾಗೆಯೇ ಉಟ್ಟು, ಇಲ್ಲಿಯವರ ಹಾಗೆಯೇ ಉಂಡು ಮೂರು ದಶಕ ಕಳೆದರು. ಈ ನಾಡಿನ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು. ಇಂಗ್ಲಿಷ್ ಪುಸ್ತಕವಾಗಿ ಅದು 1816ರಲ್ಲಿ ಹೊರಬಂತು.

ಪುಸ್ತಕಕ್ಕಿಂತ ಮಿಗಿಲಾದದ್ದು ಸಿಡುಬಿನ ಕೆಲಸ. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ದನದ ಸಿಡುಬಿನ ಲಸಿಕೆಯನ್ನು ಮೊದಲು ಪ್ರಯೋಗಿಸಿದ್ದು 1796ರಲ್ಲಿ. ಭಾರತದಲ್ಲಿ ಮೊದಲ ಲಸಿಕೆ ಬಿದ್ದದ್ದು 1802ರ ಜೂನ್‌ನಲ್ಲಿ, ಮುಂಬಯಿಯ ಮೂರು ವರ್ಷದ ಹುಡುಗಿಯೊಬ್ಬಳಿಗೆ. ಅದಾಗಿ ಒಂದೆರಡು ವರ್ಷದೊಳಗೆ, 1803-04ರಲ್ಲಿ, ಮೈಸೂರು ಸೀಮೆಯ ಹಳ್ಳಿಗಳಲ್ಲಿ ದುಬ್ವಾ ಲಸಿಕೆ ಹಾಕಿಸುತ್ತಿದ್ದರು. ಆಗ ಶೀತಲಪೆಟ್ಟಿಗೆ ಇಲ್ಲ, ಸೀಸೆಯಲ್ಲಿ ತುಂಬಿ ತರುವ ಮದ್ದೂ ಇಲ್ಲ. ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಸುಮಾರು ಎಂಟು ದಿನಕ್ಕೆ ತೆಗೆದು ಇನ್ನೊಬ್ಬರ ತೋಳಿಗೆ ದಾಟಿಸಬೇಕು. ಹೋದವಾರ ಹಾಕಿಸಿಕೊಂಡ ಮಗುವಿನ ಮನೆಗೆ ಈ ವಾರ ಮತ್ತೆ ಹೋಗದಿದ್ದರೆ ಸರಪಳಿ ಅಲ್ಲಿಗೇ ಕಡಿಯಿತು. ಸಿಡುಬಿನ ಅಮ್ಮ ಮುನಿದಾಳೆಂದು ಹೆದರುವ ತಾಯಂದಿರನ್ನು ಒಪ್ಪಿಸಬೇಕು, ಒಪ್ಪಿದವರ ಮನೆಗೆ ತಪ್ಪದೆ ಮರಳಬೇಕು.

1823ರಲ್ಲಿ ಅವರು ಭಾರತ ಬಿಟ್ಟು ಹೋದರು. ಅದೇ ವರ್ಷ ಪ್ರಕಟವಾದ ಅವರ ಪತ್ರಗಳಲ್ಲಿ ಮತಾಂತರದ ಪ್ರಯತ್ನಗಳ ಬಗ್ಗೆ ಬರೀ ನಿರಾಶೆ ತುಂಬಿದೆ. ಇದನ್ನು ಕೆಲವರು ಮುಜುಗರದಿಂದ ಮುಚ್ಚಿಡುತ್ತಾರೆ. ನನಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಾಣುವುದಿಲ್ಲ. ಅವರ ಕೈಯಿಂದ ಲಸಿಕೆ ಪಡೆದ ಮಕ್ಕಳು ಯಾವ ಜಾತಿಯವರು, ಯಾವ ದೇವರಿಗೆ ಕೈಮುಗಿಯುವವರು ಎಂಬುದು ಸಿಡುಬಿಗೂ ಬೇಕಿರಲಿಲ್ಲ, ಲಸಿಕೆಗೂ ಬೇಕಿರಲಿಲ್ಲ. ತಪಸ್ಸುಕಾಲದ ಸೇವೆಗೆ ಈ ಸೀಮೆಯಲ್ಲೇ ಇಷ್ಟು ಒಳ್ಳೆಯ ಮಾದರಿ ಇರುವಾಗ ಬೇರೆ ಕಡೆ ಹುಡುಕುವ ಅಗತ್ಯವಿಲ್ಲ.

ಇವತ್ತಿನ ಸಿಡುಬು ಯಾವುದು?

ಸಿಡುಬು ಹೋಯಿತು, ಕ್ಷಯ ಉಳಿದಿದೆ. ಪ್ರಪಂಚದ ಒಟ್ಟು ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಜನ ಭಾರತದವರು. ಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಬಿಡದೆ ನುಂಗಬೇಕು. ಆದರೆ ಕೂಲಿ ಮಾಡುವ ಮನೆಯಲ್ಲಿ ದುಡಿಯುವವರೇ ಮಲಗಿದರೆ ಮಾತ್ರೆಯ ಜೊತೆಗೆ ಹೋಗಬೇಕಾದ ಅನ್ನಕ್ಕೇ ಕೊರತೆ. ಹೊಟ್ಟೆಗೆ ಸಾಲದಿದ್ದರೆ ರೋಗಿ ಚೇತರಿಸಿಕೊಳ್ಳುವುದು ಕಷ್ಟ. ಜೊತೆಯಲ್ಲಿರುವ ಮಕ್ಕಳಿಗೂ ರೋಗ ತಗಲಬಹುದು. ಜಾರ್ಖಂಡ್‌ನಲ್ಲಿ ಕ್ಷಯರೋಗಿಗಳ ಮನೆಯವರಿಗೆ ತಿಂಗಳು ತಿಂಗಳು ದವಸ ಕೊಟ್ಟು ನಡೆಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಗಳಲ್ಲಿ ಬಂತು. ದವಸ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡ 39ರಿಂದ 48ರಷ್ಟು ತಗ್ಗಿತ್ತು. ಊಟವೂ ಮದ್ದು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇಲ್ಲಿ ಅಕ್ಷರಶಃ ನಿಜವಾಗಿದೆ.

ಧರ್ಮಕೇಂದ್ರಗಳು ಕೈಹಾಕಲು ಇದಕ್ಕೊಂದು ಸಿದ್ಧ ದಾರಿಯೂ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿಕ್ಷಯ್ ಮಿತ್ರ ಯೋಜನೆಯಲ್ಲಿ ಒಬ್ಬ ವ್ಯಕ್ತಿ, ಸಂಘ, ಸಂಸ್ಥೆ, ಯಾರು ಬೇಕಾದರೂ ರೋಗಿಗಳ ಆಹಾರದ ಹೊಣೆ ಹೊರಬಹುದು. ಕನಿಷ್ಠ ಅವಧಿ ಆರು ತಿಂಗಳು. ನಿಕ್ಷಯ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿ, ಜಿಲ್ಲೆ ತಾಲ್ಲೂಕು ಆರಿಸಿಕೊಂಡರೆ ಕ್ಷಯ ವಿಭಾಗದವರು ಮುಂದಿನ ದಾರಿ ಹೇಳುತ್ತಾರೆ. ಮೊಬೈಲ್ ಗೊಂದಲ ಬೇಡವೆನ್ನುವವರು ತಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನೋ ಊರಿನ ಆಶಾ ಕಾರ್ಯಕರ್ತೆಯನ್ನೋ ಕೇಳಬಹುದು. ನಿಕ್ಷಯ್ ಸಹಾಯವಾಣಿ 1800-11-6666 ಉಚಿತ. ರೋಗಿಗೆ ಸರ್ಕಾರವೇ ನೇರವಾಗಿ ಕೊಡುವ ಪೌಷ್ಟಿಕ ಆಹಾರದ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಆಗಿದೆ. ನಾವು ಕೊಡುವ ಬುಟ್ಟಿ ಅದರ ಮೇಲಿನದು.

ಬುಟ್ಟಿಯಲ್ಲಿ ಏನಿರಬೇಕೆಂಬುದಕ್ಕೂ ಅಳತೆ ಇದೆ. ದೊಡ್ಡವರಿಗೆ ತಿಂಗಳಿಗೆ ಮೂರು ಕೆಜಿ ಅಕ್ಕಿ ಅಥವಾ ರಾಗಿ, ಒಂದೂವರೆ ಕೆಜಿ ಬೇಳೆಕಾಳು, ಕಾಲು ಕೆಜಿ ಅಡುಗೆ ಎಣ್ಣೆ, ಒಂದು ಕೆಜಿ ಕಡಲೆಕಾಯಿ ಬೀಜ ಅಥವಾ ಹಾಲಿನ ಪುಡಿ. ಕೊಡಲಾದರೆ 30 ಮೊಟ್ಟೆ. ಮಂಡ್ಯ ಸೀಮೆಯಲ್ಲಿ ಇದು ಬಹಳ ಸಲೀಸು: ರಾಗಿ ನಮ್ಮದೇ, ಹುರುಳಿ ಅವರೆ ನಮ್ಮದೇ. ಅಂಗಡಿಯ ಬಣ್ಣದ ಡಬ್ಬಿಯ ಪೌಷ್ಟಿಕ ಪುಡಿಗೆ ದುಡ್ಡು ಸುರಿಯಬೇಡಿ. ಮುದ್ದೆ, ಹುರುಳಿ ಸಾರು, ಒಂದು ಬೇಯಿಸಿದ ಮೊಟ್ಟೆ, ಒಂದು ಹಿಡಿ ಹುರಿದ ಕಡಲೆಕಾಯಿ ಸಿಕ್ಕಿದರೆ ರೋಗಿ ಎದ್ದು ಕೂರುತ್ತಾನೆ.

ಈಗ ಲೆಕ್ಕಕ್ಕೆ ಬನ್ನಿ. ಈ ಬುಟ್ಟಿಗೆ ಇವತ್ತಿನ ಪೇಟೆ ದರದಲ್ಲಿ ಸುಮಾರು ಏಳೆಂಟು ನೂರು ರೂಪಾಯಿ ಹಿಡಿಯುತ್ತದೆ. ಒಂದು ಕೆಜಿ ಕುರಿಬಾಡಿಗೂ ಹೆಚ್ಚು ಕಡಿಮೆ ಅಷ್ಟೇ. ತಪಸ್ಸುಕಾಲದಲ್ಲಿ ಆರು ಭಾನುವಾರಗಳಿವೆ. ಭಾನುವಾರ ಉಪವಾಸದ ದಿನವಲ್ಲ. ಆದರೂ ಇಡೀ ಕಾಲ ಬಾಡು ಬಿಡುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಭಾನುವಾರಕ್ಕೆ ಕೆಜಿ ಬಾಡು ತರುತ್ತಿದ್ದ ಒಂದೇ ಮನೆ ಅದನ್ನು ಬಿಟ್ಟು ಅದೇ ಹಣವನ್ನು ಎತ್ತಿಟ್ಟರೆ ಆರು ಬುಟ್ಟಿಯಾಯಿತು. ಒಬ್ಬ ರೋಗಿಯ ಆರು ತಿಂಗಳು ದಾಟಿತು. ಅರ್ಧ ಕೆಜಿ ತರುವ ಎರಡು ಮನೆಗಳು ಸೇರಿದರೂ ಅಷ್ಟೇ ಆಗುತ್ತದೆ. ಇಪ್ಪತ್ತು ಮನೆಯ ಧರ್ಮಕೇಂದ್ರ ಎಷ್ಟು ಜನರ ಹೊಣೆ ಹೊರಬಲ್ಲದೆಂದು ನೀವೇ ಎಣಿಸಿ. ಬಿಟ್ಟ ಬಾಡಿನ ಹಣ ಮನೆ ಖರ್ಚಿನಲ್ಲಿ ಕರಗಿಹೋದರೆ ಅದು ಪಥ್ಯ. ಹಸಿದವರ ತಟ್ಟೆಗೆ ಹೋದರೆ ತಪಸ್ಸು.

ಇಲ್ಲಿ ಮೂರು ವಿಷಯಗಳಲ್ಲಿ ತುಂಬ ಜಾಗ್ರತೆ ಬೇಕು. ಕ್ಷಯದ ಸುತ್ತ ಇನ್ನೂ ನಾಚಿಕೆ ಇದೆ. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಮನೆಯವರು ಮುಚ್ಚಿಡುತ್ತಾರೆ. ಆದ್ದರಿಂದ ಹೆಸರು ಪೀಠದಿಂದ ಓದಬಾರದು, ವಾಟ್ಸ್ಆ್ಯಪ್ ಗುಂಪಿಗೆ ಹಾಕಬಾರದು, ಫೋಟೋ ಬೇಡವೇ ಬೇಡ. ರೋಗಿ ಒಪ್ಪಿಗೆ ಕೊಟ್ಟ ಮೇಲೆಯೇ ನೆರವು ಎಂಬುದು ಯೋಜನೆಯ ನಿಯಮವೂ ಹೌದು. ಹತ್ತು ಜನ ಬ್ಯಾನರ್ ಹಿಡಿದು ಮನೆ ಮುಂದೆ ನಿಲ್ಲುವ ಬದಲು ಆರೋಗ್ಯ ಕೇಂದ್ರದಲ್ಲೇ ಬುಟ್ಟಿ ಇಟ್ಟು ಬನ್ನಿ, ಮಾತ್ರೆಗೆ ಬಂದಾಗ ಅವರೇ ಒಯ್ಯಲಿ. ಎರಡನೆಯದು, ಬುಟ್ಟಿಯೊಳಗೆ ಪ್ರಾರ್ಥನೆಯ ಚೀಟಿ, ಸುವಾರ್ತೆಯ ಕೈಪಿಡಿ, ದೇವಾಲಯದ ಹೆಸರಿನ ಕ್ಯಾಲೆಂಡರ್ ಏನೂ ಇರಕೂಡದು. ಹಸಿದವರ ಮುಂದೆ ಅನ್ನದ ಜೊತೆ ಬೇರೇನಾದರೂ ಇಟ್ಟರೆ ಅವರು ಬೇಡ ಎನ್ನಲಾರದ ಸ್ಥಿತಿಯಲ್ಲಿರುತ್ತಾರೆ. ಅಂಥ ಹೊತ್ತನ್ನು ಬಳಸಿಕೊಳ್ಳುವುದು ಸುವಾರ್ತೆಗೇ ಅವಮಾನ. ಮೂರನೆಯದು ಲೆಕ್ಕ. ಎಷ್ಟು ಬಂತು, ಎಷ್ಟು ಬುಟ್ಟಿ ಹೋಯಿತು, ಎಷ್ಟು ಉಳಿಯಿತು ಎಂಬುದನ್ನು ಹೆಸರುಗಳಿಲ್ಲದೆ ತಿಂಗಳಿಗೊಮ್ಮೆ ದೇವಾಲಯದ ಬಾಗಿಲಲ್ಲಿ ಅಂಟಿಸಿ. ಆರನೇ ತಿಂಗಳವರೆಗೂ ಅಂಟಿಸಿ.

ಒಂದು ಸಣ್ಣ ಅನುಕೂಲವೂ ಇದೆ. ಮಾರ್ಚ್ 24 ವಿಶ್ವ ಕ್ಷಯರೋಗ ದಿನ. ಹೆಚ್ಚಿನ ವರ್ಷಗಳಲ್ಲಿ ಅದು ತಪಸ್ಸುಕಾಲದ ಒಳಗೇ ಬರುತ್ತದೆ. ಅಂದು ಅಥವಾ ಅದರ ಹತ್ತಿರದ ಭಾನುವಾರ ಪೂಜೆಯ ನಂತರ ಆರೋಗ್ಯ ಕೇಂದ್ರದವರನ್ನು ಕರೆಸಿ ಹತ್ತು ನಿಮಿಷ ಮಾತಾಡಿಸಿ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕೆಂಬ ಒಂದೇ ಮಾತು ಎಲ್ಲರಿಗೂ ಮುಟ್ಟಿದರೂ ಸಾಕು.

ಶುಕ್ರವಾರ ಹೊಸತೊಡಕು ಬಂದರೆ

ಇನ್ನು ದಿನಗಳ ವಿಷಯ. 2026ರಲ್ಲಿ ವಿಭೂತಿ ಬುಧವಾರ ಫೆಬ್ರುವರಿ 18, ಈಸ್ಟರ್ ಏಪ್ರಿಲ್ 5. ಕೇರಳದಿಂದ ಬಂದು ನೆಲೆಸಿದ ಸಿರೋ ಮಲಬಾರ್ ಕುಟುಂಬಗಳು ತಮ್ಮ ನೋಂಬನ್ನು ವಿಭೂತಿ ಬುಧವಾರಕ್ಕೆ ಎರಡು ದಿನ ಮುಂಚೆ, ಸೋಮವಾರವೇ ಹಿಡಿಯುತ್ತವೆ. ಆ ವರ್ಷ ಶಿವರಾತ್ರಿ ಫೆಬ್ರುವರಿ 15ಕ್ಕೆ, ರಂಜಾನ್ ಉಪವಾಸವೂ ಅದೇ ವಾರ ಶುರು. ಜಾಗರಣೆ, ರೋಜಾ, ತಪಸ್ಸು ಮೂರೂ ಒಂದೇ ವಾರದಲ್ಲಿ ಒಂದೇ ಬೀದಿಯಲ್ಲಿ ಸೇರುವ ಇಂಥ ವರ್ಷಗಳಲ್ಲಿ ನೆರೆಯವರೊಡನೆ ಮಾತಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಬೇರೆ ಬೇಕಿಲ್ಲ.

ತೊಡಕು ಬರುವುದು ಯುಗಾದಿಗೆ. 2026ರ ಯುಗಾದಿ ಮಾರ್ಚ್ 19, ಗುರುವಾರ. ಮರುದಿನ ಹೊಸತೊಡಕು, ತಪಸ್ಸುಕಾಲದ ಶುಕ್ರವಾರ. ಮಂಡ್ಯ ಸೀಮೆಯಲ್ಲಿ ಹೊಸತೊಡಕಿನ ಬಾಡೂಟಕ್ಕೆ ಕರೆದಾಗ ಹೋಗದಿರುವುದು ಸಣ್ಣ ಮಾತಲ್ಲ; ಪಕ್ಕದ ಮನೆಯ ಗೌಡರ ಹೆಂಡತಿ ಪಾತ್ರೆ ತುಂಬ ಸಾರು ಕೊಟ್ಟು ಕಳಿಸಿದಾಗ ಬೇಡವೆಂದರೆ ಅವರ ಮನಸ್ಸು ನೋಯುತ್ತದೆ. ಮುಂಚಿತವಾಗಿ ಹೇಳಿಬಿಡುವುದು ಒಳ್ಳೆಯದು: “ಅಕ್ಕ, ನಾಳೆ ನಮಗೆ ಶುಕ್ರವಾರದ ಒಪ್ಪೊತ್ತು, ಶನಿವಾರ ನಾವೇ ಬರ್ತೀವಿ.” ಯಾರೂ ಬೇಸರಪಡುವುದಿಲ್ಲ, ಒಪ್ಪೊತ್ತು ಏನೆಂದು ಇಲ್ಲಿ ಎಲ್ಲರಿಗೂ ಗೊತ್ತು. ತೀರಾ ಅನಿವಾರ್ಯವಾದರೆ ಕಥೋಲಿಕರು ತಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಬಹುದು. ಒಬ್ಬೊಬ್ಬರ ಸಂದರ್ಭ ನೋಡಿ ವಿನಾಯಿತಿ ಕೊಡುವ, ಅದರ ಬದಲಿಗೆ ಬೇರೊಂದು ಧರ್ಮಕಾರ್ಯ ವಿಧಿಸುವ ಅಧಿಕಾರ ಅವರಿಗಿದೆ. 2018ರಲ್ಲಿ ಚೀನೀ ಹೊಸ ವರ್ಷ ತಪಸ್ಸುಕಾಲದ ಶುಕ್ರವಾರಕ್ಕೆ ಬಿದ್ದಾಗ ಹಲವು ದೇಶಗಳ ಧರ್ಮಾಧ್ಯಕ್ಷರು ತಮ್ಮ ಜನರಿಗೆ ಹೀಗೆಯೇ ವಿನಾಯಿತಿ ಕೊಟ್ಟಿದ್ದರು.

ಉಪವಾಸದ ಕಟ್ಟಳೆ ಜನ ಅಂದುಕೊಂಡಿರುವಷ್ಟು ಕಠಿಣವಲ್ಲ. ಕಥೋಲಿಕರಿಗೆ ಕಡ್ಡಾಯ ಉಪವಾಸ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅಂದು ಒಂದು ಪೂರ್ತಿ ಊಟ, ಇನ್ನೆರಡು ಹೊತ್ತು ಅಲ್ಪಾಹಾರ. ಇದು 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಮಾತ್ರ. ಬಾಡು ಬಿಡುವ ನಿಯಮ 14 ತುಂಬಿದವರಿಗೆಲ್ಲ. ಸಿಎಸ್‌ಐ ಸಭೆಗಳಲ್ಲಿ ಇಂಥ ಕಟ್ಟಳೆಯಿಲ್ಲ, ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು. ಸಕ್ಕರೆ ಕಾಯಿಲೆಯವರು, ಬಸುರಿ ಬಾಣಂತಿಯರು, ಮದ್ದಿನ ಮೇಲಿರುವವರು ಉಪವಾಸ ಮಾಡಲೇಬಾರದು. ಊಟ ಬಿಟ್ಟು ಸಕ್ಕರೆ ಮಾತ್ರೆ ಮಾತ್ರ ನುಂಗಿ ದೇವಾಲಯದಲ್ಲಿ ತಲೆಸುತ್ತಿ ಬೀಳುವ ಅಜ್ಜಿಯರು ಪ್ರತಿ ಊರಲ್ಲೂ ಇದ್ದಾರೆ. ಅವರಿಗೆ ಗುರುಗಳೇ ಬಾಯಿಬಿಟ್ಟು ಹೇಳಬೇಕು. ಮಕ್ಕಳು ಹೇಳಿದರೆ ಕೇಳುವುದಿಲ್ಲ.

ಚಿಕ್ಕ ಸಭೆ, ಕೂಡಿ ಮಾಡುವ ಕೆಲಸ

1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮತ್ತಿತರ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿತು. ಬಿಷಪ್‌ರ ಆಡಳಿತವನ್ನು ಉಳಿಸಿಕೊಂಡೇ ಬೇರೆ ಬೇರೆ ಸಂಪ್ರದಾಯದವರು ಒಂದೇ ಮೇಜಿನ ಸುತ್ತ ಕೂತದ್ದು ಆಗ ಪ್ರಪಂಚದ ಸಭೆಗಳಿಗೆಲ್ಲ ಅಚ್ಚರಿಯ ಸಂಗತಿ. ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್ನಿನ ಸಭೆಗಳು ಆ ದಾರಿಯಲ್ಲೇ ಸಿಎಸ್‌ಐಗೆ ಬಂದವು. ಮೈಸೂರಿನಲ್ಲಿ ಜನ ಇವತ್ತಿಗೂ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಆ ಪರಂಪರೆಯದೇ.

ಅಷ್ಟು ದೊಡ್ಡ ಒಗ್ಗಟ್ಟು ಸಾಧಿಸಿದವರ ಮಕ್ಕಳು ತಾಲ್ಲೂಕು ಮಟ್ಟದಲ್ಲಿ ಒಂದು ಬುಟ್ಟಿಗೆ ಕೂಡಲಾರರೇ? ಹತ್ತು ಮನೆಯ ಸಿಎಸ್‌ಐ ಸಭೆ, ಹದಿನೈದು ಮನೆಯ ಕಥೋಲಿಕ ಧರ್ಮಕೇಂದ್ರ, ನಾಲ್ಕಾರು ಸಿರೋ ಮಲಬಾರ್ ಕುಟುಂಬ ಬೇರೆ ಬೇರೆಯಾಗಿ ಮೂರು ಅರೆಬರೆ ಕೆಲಸ ಮಾಡುವುದಕ್ಕಿಂತ ಒಂದೇ ನೋಂದಣಿ, ಒಂದೇ ಲೆಕ್ಕದ ಪುಸ್ತಕ ಇಟ್ಟುಕೊಳ್ಳುವುದು ಮೇಲು. ಪೂಜೆ ಅವರವರದು ಅವರವರಿಗೆ ಇರಲಿ. ಸ್ತ್ರೀಯರ ಕೂಟ ಬುಟ್ಟಿ ಕಟ್ಟಲಿ, ಯುವಜನರು ಬೈಕಿನಲ್ಲಿ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸಲಿ.

ಯುವಕರು ರಕ್ತದಾನ ಮಾಡುತ್ತೇವೆಂದರೆ ಸಂತೋಷ. ಬೇಸಿಗೆಯಲ್ಲಿ ರಕ್ತನಿಧಿಗಳಲ್ಲಿ ಕೊರತೆ ಸಾಮಾನ್ಯ. ಆದರೆ ಶುಭ ಶುಕ್ರವಾರ ಹಸಿದ ಹೊಟ್ಟೆಯಲ್ಲಿ ಕೊಡಬಾರದು. ಹಿಂದಿನ ವಾರವೋ ಈಸ್ಟರ್ ನಂತರವೋ ಶಿಬಿರ ಇಡಿ. 18ರಿಂದ 65 ವಯಸ್ಸು, ಕನಿಷ್ಠ 45 ಕೆಜಿ ತೂಕ, ಹಿಮೋಗ್ಲೋಬಿನ್ 12.5. ಮತ್ತೆ ಕೊಡಲು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ ಬೇಕು. ಇನ್ನೊಂದು ಕೆಲಸವೂ ಇದೆ. ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ಮನೆಯಲ್ಲಿ ಓದಲು ಜಾಗವಿಲ್ಲದ ಮಕ್ಕಳಿಗೆ ಸಂಜೆ ದೇವಾಲಯದ ಸಭಾಂಗಣ ತೆರೆದು ದೀಪ, ಫ್ಯಾನು, ಒಂದು ಲೋಟ ರಾಗಿ ಮಾಲ್ಟ್ ಕೊಡುವುದಕ್ಕೆ ಹೆಚ್ಚು ಖರ್ಚಿಲ್ಲ. ಎಲ್ಲ ಜಾತಿಯ ಮಕ್ಕಳಿಗೂ ಬಾಗಿಲು ತೆರೆದಿರಬೇಕು ಅಷ್ಟೇ.

ಇನ್ನು ಮೆರವಣಿಗೆಯ ವಿಷಯ. ಗರಿಗಳ ಭಾನುವಾರದ ಮೆರವಣಿಗೆಯೋ ಶುಭ ಶುಕ್ರವಾರದ ಶಿಲುಬೆಹಾದಿಯೋ ರಸ್ತೆಯಲ್ಲಿ ಹೋಗುವುದಾದರೆ ವಾರಗಟ್ಟಲೆ ಮುಂಚೆ ಪೊಲೀಸ್ ಠಾಣೆಗೆ ಬರಹದಲ್ಲಿ ತಿಳಿಸಿ ಅನುಮತಿ ಪಡೆಯಿರಿ, ದಾರಿ ಮತ್ತು ಹೊತ್ತು ನಮೂದಿಸಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ನಿಷಿದ್ಧ. ಮೇಲುಕೋಟೆಯ ವೈರಮುಡಿ ಉತ್ಸವವೂ ಸಾಮಾನ್ಯವಾಗಿ ಇದೇ ಕಾಲದಲ್ಲಿ ಬರುವುದರಿಂದ ಪಾಂಡವಪುರ ಕಡೆಯವರು ಆ ದಿನ ನೋಡಿಕೊಂಡು ಅರ್ಜಿ ಕೊಡಿ. ಪೊಲೀಸರೆಲ್ಲ ಬೆಟ್ಟದ ಮೇಲಿರುತ್ತಾರೆ. ಶುಭ ಶುಕ್ರವಾರದ ಮಧ್ಯಾಹ್ನದ ಬಿಸಿಲಲ್ಲಿ ಮುದುಕರಿಗೆ ನೆರಳು, ನೀರು ಇರಲಿ.

2027ರಲ್ಲಿ ವಿಭೂತಿ ಬುಧವಾರ ಇನ್ನೂ ಮುಂಚೆ, ಫೆಬ್ರುವರಿ 10ಕ್ಕೇ. ಈಸ್ಟರ್ ಮಾರ್ಚ್ 28. ನೋಂದಣಿ, ರೋಗಿಗಳ ಒಪ್ಪಿಗೆ, ದವಸದ ಅಂಗಡಿಯ ಮಾತುಕತೆ ಇವಕ್ಕೆಲ್ಲ ಮೂರು ವಾರ ಬೇಕು. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿ ಮುಗಿದ ಮೊದಲ ಭಾನುವಾರವೇ ಸಮಿತಿ ಕೂರಲಿ. ಅಂದಿನ ಮೊದಲ ತೀರ್ಮಾನ ಒಂದೇ: ಈ ಸಲ ಎಷ್ಟು ಜನರಿಗೆ, ಸೆಪ್ಟೆಂಬರ್‌ವರೆಗೂ ತಪ್ಪದೆ, ನಾವು ಕೊಡಬಲ್ಲೆವು?